ತಟಸ್ಥ ಮನೆಯ ನೋಟೀಸು

ಯುದ್ಧ ಯಾಕೆ ಆಗುತ್ತದೆ ಎಂಬುದನ್ನು ನಾನು ಹೈದರಾಬಾದಿನಲ್ಲಿ ಒಂದು ವರ್ಷ ಓದಿದೆ. ಓದಿದೆ ಎನ್ನುವುದಕ್ಕಿಂತ ಆ ವಿಷಯದ ಕೈಯಲ್ಲಿ ಪೆಟ್ಟು ತಿಂದೆ ಎಂದರೆ ಸರಿಯಾದೀತು. ೧೯೪೭ರ ಮಳೆಗಾಲದಲ್ಲಿ ಅಫಜಲಪುರದಿಂದ ಟ್ರಂಕು ಹೊತ್ತು ಹೋಗಿ ಬಿ.ಎ. ಸೇರಿದಾಗ, ದೇಶದೇಶಗಳ ಸಂಬಂಧ ಮತ್ತು ಯುದ್ಧದ ಸಿದ್ಧಾಂತ ಎಂಬ ವಿಷಯ ಆರಿಸಿಕೊಂಡವರು ಹನ್ನೊಂದು ಜನ. ದೀಪಾವಳಿಯ ಹೊತ್ತಿಗೆ ಐವರು ಉಳಿದೆವು. ಜಾಣರೆಲ್ಲ ಇತಿಹಾಸದ ತರಗತಿಗೆ ಓಡಿಹೋಗಿದ್ದರು. ನಾನು ಉಳಿದದ್ದಕ್ಕೆ ಕಾರಣ ಒಂದೇ. ಊರಿನಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೆ.

ಪಾಠವೆಲ್ಲ ಉರ್ದುವಿನಲ್ಲಿ. ವಾರಕ್ಕೊಮ್ಮೆ ಐವತ್ತು ಪುಟ ಓದಿ ಬಂದು ಎದ್ದು ನಿಂತು ವಾದ ಮಾಡಬೇಕು. ನಮ್ಮ ಪ್ರೊಫೆಸರರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು, ಕೊನೆಗೆ ಒಂದು ಕಣ್ಣು ತೆರೆದು, “ಪುಸ್ತಕ ಹೇಳಿದ್ದು ನನಗೂ ಗೊತ್ತು, ನೀನು ಏನು ಹೇಳುತ್ತೀ?” ಎಂದು ಕೇಳುತ್ತಿದ್ದರು. ನಾನು ಪುಸ್ತಕ ಹೇಳಿದ್ದನ್ನೇ ಇನ್ನೊಮ್ಮೆ ಜೋರಾಗಿ ಹೇಳುತ್ತಿದ್ದೆ. ಅವರು ತೆರೆದ ಕಣ್ಣನ್ನು ಮತ್ತೆ ಮುಚ್ಚಿಕೊಳ್ಳುತ್ತಿದ್ದರು.

ಅಷ್ಟಾದರೂ ಉರ್ದು ನನಗೆ ಬರುತ್ತಿತ್ತೆಂದರೆ ಅದು ನಮ್ಮ ಓಣಿಯ ಉಸ್ತಾದರ ಪುಣ್ಯ. ನಮ್ಮ ಮನೆಯ ಎದುರಿಗೇ ಅವರ ಮನೆ. ಸಾಲೆಯ ನೌಕರಿ ಮುಗಿದ ಮೇಲೂ ಕಟ್ಟೆಯ ಮೇಲೆ ಕೂಡಿಸಿಕೊಂಡು ಒಂಬತ್ತು ವರ್ಷ ನನಗೆ ಪುಕ್ಕಟೆ ಕಲಿಸಿದರು. ಅವರ ಹೆಂಡತಿಯನ್ನು ನಾನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಪಾಠ ಒಪ್ಪಿಸಿದರೆ ಬಿಸಿ ರೊಟ್ಟಿಯ ಮೇಲೆ ಬೆಲ್ಲ ತುಪ್ಪ ಹಾಕಿ ಕೊಡುತ್ತಿದ್ದರು. ಒಪ್ಪಿಸದಿದ್ದರೂ ಕೊಡುತ್ತಿದ್ದರು, ಉಸ್ತಾದರು ಆ ಕಡೆ ತಿರುಗಿದ ಮೇಲೆ.

೧೯೪೮ರ ಬೇಸಿಗೆಯಲ್ಲಿ ಗಲಾಟೆ ಹೆಚ್ಚಾಗಿ ನಾನು ಊರಿಗೆ ಬಂದೆ. ಭೀಮಾ ನದಿಯ ಆಚೆ ಭಾರತ, ಈಚೆ ನಾವು ನಿಜಾಮರ ರಾಜ್ಯ. ಯುದ್ಧ ಆಗುತ್ತದೋ ಇಲ್ಲವೋ ಎಂದು ಕೇಳಲು ಜೇವರ್ಗಿಯ ಸೋದರಮಾವ ಬಂಡಿ ಕಟ್ಟಿಕೊಂಡು ಬಂದ. ಇಂಥ ಗಿರಾಕಿಗಾಗಿಯೇ ನಾನು ಕಾಯುತ್ತಿದ್ದೆ. ಅಂಗಳದಲ್ಲಿ ಜೋಳದ ಕಾಳಿನಿಂದ ಎರಡು ದಂಡು ಹೂಡಿ, ಶಕ್ತಿಗಳ ಸಮತೋಲ, ಗಡಿ, ನದಿ ಎಂದು ಶುರು ಮಾಡಿದೆ. ಅಷ್ಟರಲ್ಲಿ ಕೋಳಿಯೊಂದು ಬಂದು ಎಡಗಡೆಯ ದಂಡನ್ನು ಪೂರ್ತಿ ತಿಂದು ಹೋಯಿತು. ಆದರೂ ನಾನು ತೀರ್ಪು ಕೊಟ್ಟೆ. “ಯುದ್ಧ ಆಗೋದು ಖರೆ. ಕನಿಷ್ಠ ಆರು ತಿಂಗಳು ನಡೀತದ.” ಅವ್ವ ನನ್ನ ಮಾತು ನಂಬಿ ಎರಡು ಚೀಲ ಉಪ್ಪು ತರಿಸಿದಳು.

ಸಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂತು. ಐದು ದಿನದಲ್ಲಿ ಎಲ್ಲ ಮುಗಿಯಿತು. ಆ ಉಪ್ಪನ್ನು ನಾವು ಮೂರು ವರ್ಷ ಉಂಡೆವು.

ಯುದ್ಧ ಮುಗಿದರೂ ಸಿಟ್ಟು ಮುಗಿದಿರಲಿಲ್ಲ. ಆಳಂದದ ಕಡೆಯ ಹಳ್ಳಿಗಳಲ್ಲಿ ನಿಜಾಮರ ಕಡೆಯ ಪುಂಡರ ಕೈಯಲ್ಲಿ ಮನೆ ಸುಟ್ಟುಕೊಂಡವರಿದ್ದರು, ಹೊಳೆ ದಾಟಿ ಹೋಗಿ ತಿಂಗಳುಗಟ್ಟಲೆ ಆಚೆ ದಂಡೆಯಲ್ಲಿ ಬಿದ್ದಿದ್ದವರಿದ್ದರು. ಈಗ ಆ ಸಿಟ್ಟು, ಸುಟ್ಟವರನ್ನು ಬಿಟ್ಟು, ಸಿಕ್ಕ ಮುಸಲ್ಮಾನರ ಬಾಗಿಲಿಗೆ ಬರತೊಡಗಿತು. ಬಡಿಗೆ ಹಿಡಿದ ಗುಂಪೊಂದು ನಮ್ಮ ಊರಿನ ಓಣಿಗಳಲ್ಲಿ ತಿರುಗುತ್ತಿದೆ ಎಂಬ ಸುದ್ದಿ ಒಂದು ಬೆಳಿಗ್ಗೆ ಬಂತು. ಉಸ್ತಾದರು ಒಂದು ಇರುವೆಗೂ ಕೆಡುಕು ಮಾಡಿದವರಲ್ಲ. ಆದರೆ ಬಡಿಗೆಗೆ ಅದೆಲ್ಲ ಯಾರು ಹೇಳಬೇಕು?

“ಇಷ್ಟು ಓದೀದಿ, ಏನರ ಮಾಡಲೇ” ಅಂದಳು ಅವ್ವ.

ನಾನು ಮಾಡಿದ್ದು ಇಷ್ಟು. ಟ್ರಂಕು ತೆರೆದು ನೋಟು ಪುಸ್ತಕ ತೆಗೆದೆ. ತಟಸ್ಥ ದೇಶಗಳ ಅಧ್ಯಾಯ ಹುಡುಕಿದೆ. ಯಾವ ಪಕ್ಷಕ್ಕೂ ಸೇರದವನು ಅದನ್ನು ಮೊದಲೇ ಬಹಿರಂಗವಾಗಿ ಸಾರಬೇಕು ಎಂದು ಅದರಲ್ಲಿತ್ತು. ದೊಡ್ಡ ಬಿಳಿ ಕಾಗದ ತೆಗೆದುಕೊಂಡು, ಈ ಮನೆ ಯಾವ ಪಕ್ಷಕ್ಕೂ ಸೇರಿದ್ದಲ್ಲ, ಇದು ತಟಸ್ಥ ಮನೆ ಎಂದು ದುಂಡಗೆ ಬರೆದೆ. ಉರ್ದುವಿನಲ್ಲಿ ಬರೆದೆ. ತಟಸ್ಥ ಎಂಬ ಕನ್ನಡ ಮಾತು ನಾನು ಕಲಿತದ್ದು ಎಷ್ಟೋ ವರ್ಷ ಆದ ಮೇಲೆ. ರಾಜಕೀಯದ ಒಂದೊಂದು ಶಬ್ದವೂ ಆಗ ನನಗೆ ಉರ್ದುವಿನಲ್ಲಷ್ಟೇ ಗೊತ್ತಿತ್ತು. ಹಿಟ್ಟಿನ ಅಂಟು ಕಾಸಿ ಉಸ್ತಾದರ ಬಾಗಿಲಿಗೆ ಅಂಟಿಸಿದೆ.

“ಏನ್ ಅಂಟಸಾಕತ್ತೀಯಪ್ಪಾ?” ಎಂದು ಒಳಗಿನಿಂದ ಉಸ್ತಾದರು ಕೇಳಿದರು.

“ನೀವು ಹೊರಗ ಬರಬ್ಯಾಡ್ರಿ. ನಾ ನೋಡ್ಕೋತೇನಿ” ಅಂದೆ. ನನ್ನ ದನಿಯಲ್ಲಿದ್ದ ಗತ್ತು ನೆನೆದರೆ ಈಗಲೂ ಕಿವಿ ಬೆಚ್ಚಗಾಗುತ್ತದೆ.

ಮಧ್ಯಾಹ್ನ ಗುಂಪು ಬಂತು. ಎಂಟೊಂಬತ್ತು ಜನ. ಉಸ್ತಾದರ ಮನೆ ಉಳಿದ ಮನೆಗಳ ಹಾಗೆಯೇ ಮಣ್ಣಿನ ಮಾಳಿಗೆ, ಹೊರಗಿನವರು ಗುರುತು ಹಿಡಿಯುವಂತಿರಲಿಲ್ಲ. ಅವರು ದಾಟಿ ಹೋಗುತ್ತಲೇ ಇದ್ದರು. ಕಾಗದ ನೋಡಿ ನಿಂತರು. ಓದಲು ಅವರಲ್ಲಿ ಒಬ್ಬನಿಗೂ ಬರುತ್ತಿರಲಿಲ್ಲ. ಆದರೆ ಆ ಅಕ್ಷರದ ಕಾಗದ ಬಾಗಿಲಿಗೆ ಬಂದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಲೆವಿ ಎಂದು ರೈತರ ಮನೆಯ ಜೋಳ ಎತ್ತಿಕೊಂಡು ಹೋಗುವಾಗ ನಿಜಾಮರ ಸರ್ಕಾರ ಅಂಟಿಸುತ್ತಿದ್ದದ್ದು ಅಂಥದೇ ಕಾಗದ.

“ಮತ್ತ ನೋಟೀಸ್ ಬಂತಲೇ!” ಎಂದು ಮುಂದಿದ್ದವನು ಕೂಗಿದ. ಕರಜಗಿಯ ಕಡೆಯ ಒಕ್ಕಲಿಗ, ಎತ್ತರದ ಆಳು. “ಸರ್ಕಾರ ಹೋದ್ರೂ ಇವರ ಕಾಗದ ಹೋಗಿಲ್ಲ. ತೆಗೀಲೇ ಬಾಗಲಾ!” ಬಡಿಗೆಯಿಂದ ಬಾಗಿಲಿಗೆ ಒಂದು ಏಟು ಬಿತ್ತು.

ನಾನು ನಮ್ಮ ಬಾಗಿಲ ಹಿಂದೆ ನಿಂತಿದ್ದೆ. ಬರೆದವನು ನಾನು ಎಂದು ಹೊರಗೆ ಬಂದು ಹೇಳಬೇಕಿತ್ತು. ಬೆರಳಿಗೆ ಹತ್ತಿದ್ದ ಹಿಟ್ಟಿನ ಅಂಟನ್ನು ಕೆರೆಯುತ್ತಾ ಅಲ್ಲೇ ನಿಂತೆ. ತಟಸ್ಥನಾಗಿ ಉಳಿದವನು ಆ ಓಣಿಯಲ್ಲಿ ನಾನೊಬ್ಬನೇ.

ಅವ್ವ ನನ್ನನ್ನು ಸರಿಸಿ ಹೊರಗೆ ಹೋದಳು. ಕೈಯಲ್ಲಿ ತಾಟು. ತಾಟಿನಲ್ಲಿ ಜೋಳ, ಕೊಬ್ಬರಿ ಬಟ್ಟಲು, ಅರಿಶಿಣದ ಕೊಂಬು, ಕುಬಸ ಹೊಲಿಸಲು ಪೆಟ್ಟಿಗೆಯಲ್ಲಿಟ್ಟಿದ್ದ ಹೊಸ ಖಣ. ಗುಂಪಿನ ನಡುವೆ ಹಾದು ಹೋಗಿ ಬಾಗಿಲು ಬಡಿದಳು.

“ಬಾ ಬೇ ಹೊರಗ, ಉಡಿ ತುಂಬತೇನಿ.”

ಮನೆಯ ಮಗಳು ತವರಿಗೆ ಬಂದಾಗ ತುಂಬುವ ಉಡಿ ಅದು. ತುಂಬಿಸಿಕೊಂಡವಳು ಆ ಮನೆಯ ಮಗಳು, ಅಷ್ಟೇ. ಖಾಲಾ ಹೊಸ್ತಿಲಿಗೆ ಬಂದು ಸೆರಗು ಒಡ್ಡಿದರು. ಅವ್ವ ತಿರುಗಿ ಆ ಎತ್ತರದ ಆಳಿಗೆ ತಾಟು ಚಾಚಿದಳು.

“ಏ ಅಪ್ಪಾ, ಇದನ್ನ ಹಿಡಿ. ಅಣ್ಣ ಅನ್ನಾಂವ ಒಬ್ಬ ಹಿಡೀಬೇಕು. ನನ್ನ ಮಗ ಎಲ್ಲಿ ಸತ್ತಾನೋ ಏನೋ.”

“ನಾ ಯಾಕ ಹಿಡೀಬೇಕಬೇ ಯವ್ವಾ?”

“ಉಡಿ ತಾಟು ಬ್ಯಾಡಂತಾರೇನಲೇ? ನಿನಗ ಅಕ್ಕ ತಂಗ್ಯಾರು ಅದಾರಿಲ್ಲೋ?”

ಇದ್ದರೆಂದು ಕಾಣುತ್ತದೆ. ಅವನು ಸುತ್ತ ನೋಡಿದ. ಉಡಿಯ ತಾಟನ್ನು ಒಂದು ಕೈಯಲ್ಲಿ ಹಿಡಿಯಬಾರದು. ಬಡಿಗೆಯನ್ನು ಗೋಡೆಗೆ ಒರಗಿಸಿ ಎರಡೂ ಕೈ ಚಾಚಿದ. ಅವ್ವ ಅವಸರ ಮಾಡಲಿಲ್ಲ. ಒಂದೊಂದೇ ಬೊಗಸೆ ಐದು ಸಲ ತುಂಬಿದಳು. ಅಷ್ಟರೊಳಗೆ ಉಳಿದವರು ಕೆಮ್ಮುತ್ತಾ, ಎಲ್ಲೆಲ್ಲೋ ನೋಡುತ್ತಾ ಓಣಿಯ ತುದಿ ತಲುಪಿದ್ದರು.

“ಇನ್ ಮ್ಯಾಲ ಈಕಿಗೆ ಏನರ ಆದ್ರ, ತವರಿನವ ನೀನಽ ಕೇಳಬೇಕು” ಅಂದಳು ಅವ್ವ.

“ಹೂಂ ಯವ್ವಾ” ಅಂದು ಅವನು ತಲೆ ತಗ್ಗಿಸಿ ಹೋದ. ಬಡಿಗೆ ಗೋಡೆಗೇ ಉಳಿಯಿತು. ಮುಂದೆ ಅವ್ವ ಅದರಿಂದ ಕರು ಕಾಯ್ದಳು.

ಸಂಜೆ ಉಸ್ತಾದರು ಕಾಗದವನ್ನು ನೀರು ಹಚ್ಚಿ ಮೆಲ್ಲಗೆ ಬಿಡಿಸಿ, ಓದಿ, ನನ್ನ ಕೈಗೆ ಕೊಟ್ಟರು. “ಅಕ್ಷರ ಭಾಳ ಚಂದ ಬರದೀಯಪ್ಪಾ” ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಕಾಲೇಜು ಮತ್ತೆ ಶುರುವಾಗಿ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂತು. ಆಯುಧ ಕೆಳಗಿಡುವ ಒಪ್ಪಂದಗಳು ಯಾಕೆ ಸೋಲುತ್ತವೆ? ಗೆದ್ದದ್ದೊಂದನ್ನು ಕಣ್ಣಾರೆ ಕಂಡಿದ್ದೆ. ಆದರೆ ನಾನು ಪುಸ್ತಕ ಹೇಳಿದ್ದನ್ನೇ ಹನ್ನೆರಡು ಪುಟ ಬರೆದೆ, ಪಾಸಾದೆ. ಪ್ರೊಫೆಸರರ ಕಣ್ಣು ಮುಚ್ಚಿಯೇ ಇದ್ದಿರಬೇಕು.

ಮುಂದಿನ ನಾಗರ ಪಂಚಮಿಗೆ, ಅಣ್ಣಂದಿರು ತಂಗಿಯರನ್ನು ಕಾಣುವ ಹಬ್ಬಕ್ಕೆ, ಆ ಕರಜಗಿಯವನು ಖಣ, ಕೊಬ್ಬರಿ ಹಿಡಿದುಕೊಂಡು ಉಸ್ತಾದರ ಬಾಗಿಲಿಗೆ ಬಂದ. ಆಮೇಲೆ ವರ್ಷ ವರ್ಷವೂ ಬಂದ. ಖಾಲಾ ಅವನಿಗೆ ಅಣ್ಣಾ ಎನ್ನುತ್ತಿದ್ದರು, ಬಿಸಿ ರೊಟ್ಟಿಯ ಮೇಲೆ ಬೆಲ್ಲ ತುಪ್ಪ ಹಾಕಿ ಮೊದಲು ಅವನಿಗೆ ಕೊಡುತ್ತಿದ್ದರು. ನನಗೂ ಕೊಡುತ್ತಿದ್ದರು, ಅವನಿಗೆ ಕೊಟ್ಟ ಮೇಲೆ. ಒಂಬತ್ತು ವರ್ಷ ಅವರ ರೊಟ್ಟಿ ತಿಂದವನು ನಾನು. ಆ ತಾಟು ನಾನು ಹಿಡಿಯಬೇಕಾಗಿತ್ತು.