ಭೂಕಂಪಕ್ಕೆ ಕಟ್ಟಿದ ಚೀಲ

ನಾಚಿಕೆ ಬಿಟ್ಟು ಹೇಳಿಬಿಡುತ್ತೇನೆ. ಜೀವ ಉಳಿಸಿಕೊಳ್ಳಲೆಂದು ನಾನೊಂದು ಚೀಲ ಕಟ್ಟಿದ್ದೆ. ಅದನ್ನು ಬೆನ್ನಿಗೇರಿಸಿಕೊಂಡು ಎದ್ದು ನಿಲ್ಲಲು ನನಗೆ ಇನ್ನೊಬ್ಬರ ಕೈ ಬೇಕಾಗುತ್ತಿತ್ತು. ಎಲ್ಲರೂ ಪ್ರಾಣ ಕೈಯಲ್ಲಿ ಹಿಡಿದು ಓಡುವ ಹೊತ್ತಿಗೆ ಆ ಇನ್ನೊಬ್ಬರು ಮಾತ್ರ ನನ್ನನ್ನು ಎಬ್ಬಿಸಲು ಕಾದು ನಿಂತಿರುತ್ತಾರೆ ಎಂಬ ಭರವಸೆ ಎಲ್ಲಿಂದ ಬಂತೋ ತಿಳಿಯದು.

ನಮ್ಮೂರು ಗುಂಜೋಟಿ, ಗಡಿಯಾಚೆಯ ಮರಾಠಿ ಸೀಮೆಯದು. ಹಗಲು ಉಮರ್ಗಾದ ಶಾಲೆಯೊಂದರಲ್ಲಿ ಮರಾಠಿಯಲ್ಲಿ ಭೂಗೋಳ ಕಲಿಸಿ, ಸಂಜೆ ಮನೆಗೆ ಬಂದು ಕನ್ನಡದಲ್ಲಿ ಬೈಸಿಕೊಳ್ಳುವವನು ನಾನು. ನಮ್ಮ ಕಡೆಯ ನೆಲಕ್ಕೊಂದು ಚಟವಿದೆ, ಆಗಾಗ ಒಳಗೊಳಗೇ ಗುಡುಗುತ್ತದೆ. ತೊಂಬತ್ತಮೂರರ ಆ ದೊಡ್ಡ ಭೂಕಂಪವನ್ನು ಕಂಡವರು ಆ ಸದ್ದು ಕೇಳಿದರೆ ಕೈಯಲ್ಲಿದ್ದ ಚಹಾ ಬಿಟ್ಟು ಅಂಗಳಕ್ಕೆ ಬರುತ್ತಾರೆ. ಆಮೇಲೆ ಹುಟ್ಟಿದವರು ಚಹಾ ಹಿಡಿದುಕೊಂಡೇ ಬರುತ್ತಾರೆ. ನಮ್ಮ ಮನೆಯಲ್ಲಿ ಬರದೇ ಇರುವವಳು ಅವ್ವ ಒಬ್ಬಳೇ. ಮುಂದಿನ ಕೋಣೆಗಳನ್ನು ಸಿಮೆಂಟಿನಲ್ಲಿ ಕಟ್ಟಿಸಿದರೂ ಹಿಂದಿನ ಅಡುಗೆಮನೆ ಇನ್ನೂ ಹಳೆಯದು. ಕಲ್ಲಿನ ಗೋಡೆ, ನಡುವೆ ಬರೀ ಮಣ್ಣು, ಮೇಲೆ ಭಾರದ ಮಾಳಿಗೆ. ಅವ್ವನ ಕಟ್ಟಿಗೆ ಒಲೆ ಅಲ್ಲೇ ಇದೆ. ಗ್ಯಾಸಿನ ಮೇಲೆ ಸುಟ್ಟ ರೊಟ್ಟಿಯನ್ನು ಅವಳು ಜ್ವರ ಬಂದವರ ಊಟ ಎನ್ನುತ್ತಾಳೆ. ಆ ಗೋಡೆಯ ಕೆಳಗಿಂದ ಅವಳನ್ನು ಹೇಗೆ ಹೊರತರುವುದು ಎಂಬುದೇ ನನ್ನ ನಿಜವಾದ ಚಿಂತೆ. ಚೀಲ ಅದಕ್ಕೆ ನಾನು ಹಿಡಿದ ಸುತ್ತುದಾರಿ.

ಅದನ್ನು ಕಲಿಸಿದ್ದು ಮೊಬೈಲು. ಯಾರೋ ಒಬ್ಬ ಕಾಡಿನಲ್ಲಿ ಕೂತು, ಆಪತ್ತಿಗೆ ಬೇಕಾದ ಸಾಮಾನುಗಳನ್ನು ಒಂದೊಂದಾಗಿ ತೋರಿಸುತ್ತಿದ್ದ. ನಾನು ನಿಲಂಗಾದ ಪೇಟೆಯಲ್ಲಿ ಅವನ್ನೆಲ್ಲ ಹುಡುಕಿ ತಂದೆ: ಹಗ್ಗ, ಟಾರ್ಚು, ಸೀಟಿ, ಮೀನಿನ ಗಾಳ, ಬೆಂಕಿ ಹೊತ್ತಿಸುವ ಕಲ್ಲು. ತಲೆತಲಾಂತರದಿಂದ ಲಿಂಗ ಕಟ್ಟಿದ ಮನೆಯವನು ಗಾಳ ಹಿಡಿದು ಏನು ಮಾಡಬೇಕಿತ್ತೋ! ದಿಕ್ಸೂಚಿಯನ್ನೂ ತಂದೆ. ನಮ್ಮಲ್ಲಿ ಯಾವ ದಿಕ್ಕಿಗೆ ನಡೆದರೂ ಸೋಯಾಬೀನ್ ಹೊಲ, ಅದನ್ನು ದಾಟಿದರೆ ಇನ್ನೊಬ್ಬರ ಸೋಯಾಬೀನ್ ಹೊಲ. ದಾರಿ ತಪ್ಪಿದವನನ್ನು ಕಂಡರೆ ಜನ ಉದಗೀರದವರೆಗೂ ಮೋಟರ್‌ಸೈಕಲ್ಲಿನಲ್ಲಿ ಬಿಟ್ಟು ಬರುತ್ತಾರೆ, ದಾರಿಯಲ್ಲಿ ಅವನ ಬೀಗರು ಯಾರೆಂದೂ ವಿಚಾರಿಸಿಕೊಳ್ಳುತ್ತಾರೆ. ಆದರೂ ಭೂಗೋಳದ ಮಾಸ್ತರನಿಗೆ ದಿಕ್ಸೂಚಿ ಕಂಡರೆ ತಡೆಯಲಾಗುವುದಿಲ್ಲ.

ಪಕ್ಕದ ಮನೆಯ ಬೀರಣ್ಣ ಬೀರಪ್ಪನ ಭಕ್ತ. ವರ್ಷದಲ್ಲಿ ಅರ್ಧ ಕುರಿಗಳ ಹಿಂದೆ ಊರೂರು ನಡೆಯುವವನು. ಚೀಲವನ್ನೊಮ್ಮೆ ಎತ್ತಿ ನೋಡಿ ಇಳಿಸಿದ.

“ಸರ, ಇದನ್ನ ಹೊತ್ಕೊಂಡು ನೀವು ಓಡ್ತೀರೋ, ಇಲ್ಲಾ ಭೂಕಂಪ ಮುಗಿಯೋತನಕ ಇದರ ಮ್ಯಾಲ ಕೂಡ್ತೀರೋ?” ಎಂದ. “ನಂದು ಒಂದ್ ಕಂಬಳಿ ಅದ ನೋಡ್ರಿ. ಮಳಿಗೂ ಅದೇ, ಚಳಿಗೂ ಅದೇ. ಸತ್ರ ಮ್ಯಾಲ ಹೊಚ್ಚಲಾಕೂ ಅದೇ.”

ಆಪತ್ತಿನಲ್ಲಿ ಓಡುವ ವಿದ್ಯೆ ನಮ್ಮ ವಂಶಕ್ಕೆ ಹತ್ತಿದ್ದಲ್ಲ. ನಿಜಾಮನ ಕಾಲದ ಗಲಾಟೆಯಲ್ಲಿ ನಮ್ಮಜ್ಜ ಊರು ಬಿಟ್ಟು ಓಡುವಾಗ ತಲೆಬಾಗಿಲಿಗೆ ಬೀಗ ಜಡಿದು, ಕೀಲಿಕೈಯೊಂದನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದ್ದನಂತೆ. ಹಿತ್ತಲ ಬಾಗಿಲು ಹಾರು ಹೊಡೆದಿತ್ತು. ಜಂಗಮರ ಜೋಳಿಗೆಯನ್ನೇ ನೋಡಿ, ಖಾಲಿ ಹೊರಡುತ್ತದೆ, ಹೋದಲ್ಲಿ ತುಂಬುತ್ತದೆ. ಅಷ್ಟು ಹಗುರವಾಗಿ ಹೊರಡಲು ಊರಿನ ಮೇಲೆ ನಂಬಿಕೆ ಬೇಕು. ನನಗೆ ಮೊಬೈಲಿನ ಮೇಲೆ ನಂಬಿಕೆ.

ಪ್ರತಿ ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ನಿಂತು ಸೀಟಿ ಊದುವುದೆಂದು ಗೊತ್ತು ಮಾಡಿದೆ. ಊದಿದ ಕೂಡಲೇ ಎಲ್ಲರೂ ಹೊರಗೆ ಬರಬೇಕು. ಮೊದಲ ವಾರ ಹೆಂಡತಿ ಬಂದಳು. ಎರಡನೆಯ ವಾರ ಕಿಟಕಿಯಿಂದ ಇಣುಕಿದಳು. ಮೂರನೆಯ ವಾರ ಓಣಿಯ ನಾಯಿ ಬಂತು. ಅವ್ವನಂತೂ ಒಲೆಯ ಮುಂದಿನಿಂದಲೇ ಕೂಗಿದಳು: “ಭೂಕಂಪ ನಿನ್ನ ಸೀಟಿ ಕೇಳಿ ಬರ್ತದೇನು? ರೊಟ್ಟಿ ಹೊತ್ತತಾವ, ಸುಮ್ನಿರೋ!”

ಜವಾಬ್ದಾರಿ ಕೊಟ್ಟರೆ ಹುಡುಗರು ಸುಧಾರಿಸುತ್ತಾರೆಂದು ಮಾಸ್ತರಿಕೆಯಲ್ಲಿ ಕಲಿತಿದ್ದೆ. ಚೀಲಕ್ಕೆ ಅವ್ವನನ್ನೇ ಒಡತಿಯನ್ನಾಗಿ ಮಾಡಿದೆ. ಅವಳು ಅದನ್ನು ಪಿಶವಿ ಎಂದು ಮರಾಠಿಯಲ್ಲೇ ಕರೆದು, ಇಲಿ ಮುಟ್ಟಬಾರದೆಂದು ಅಡುಗೆಮನೆಯ ಕಲ್ಲುಗೋಡೆಯ ಗೂಟಕ್ಕೆ ನೇತುಹಾಕಿದಳು. ಭೂಕಂಪವಾದರೆ ಎಲ್ಲಕ್ಕಿಂತ ಮೊದಲು ಬೀಳುವ ಗೋಡೆ ಅದು. ನಾನೂ ನೋಡಿದೆ, ಸದ್ಯ ಒಪ್ಪಿಕೊಂಡಳಲ್ಲ ಎಂದು ಸಂತೋಷಪಟ್ಟೆ. ಅಜ್ಜನ ಮೊಮ್ಮಗನಲ್ಲವೇ! ಆ ದಿನಗಳಲ್ಲೇ ನಮ್ಮ ಮನೆಯ ರೊಟ್ಟಿ ಯಾಕೋ ಹಂಚಿಗೆ ಅಂಟಿ ಹರಿದು ಬರತೊಡಗಿತ್ತು. ಅವ್ವನಿಗೆ ವಯಸ್ಸಾಯಿತು ಎಂದುಕೊಂಡು ಹರಿದದ್ದನ್ನೇ ತಿನ್ನುತ್ತಿದ್ದೆ.

ಒಂದು ಬೆಳಿಗ್ಗೆ ಶಾಲೆಗೆ ಹೊರಟು ಬೂಟು ಕಟ್ಟುತ್ತಿದ್ದೆ. ನೆಲದೊಳಗೆ ಗುಡುಗಿತು. ಕಪಾಟಿನ ಪಾತ್ರೆಗಳು ಒಟ್ಟಿಗೆ ಗಲಗಲ ಎಂದವು. ನಾನೂ ಹೆಂಡತಿಯೂ ಅಂಗಳಕ್ಕೆ ಹಾರಿದೆವು. ಹಿಂದೆಯೇ, ಕೈಗೆ ಹಿಟ್ಟು ಮೆತ್ತಿಕೊಂಡು, ಅವ್ವ! ಜನ್ಮದಲ್ಲಿ ಮೊದಲ ಸಲ ತಾನಾಗಿ ಹೊರಗೆ ಬಂದಿದ್ದಳು. ಆ ಖುಷಿಯಲ್ಲಿ ನನ್ನ ದರಿದ್ರ ಬಾಯಿಂದ ಒಂದು ಮಾತು ಬಿತ್ತು.

“ಅವ್ವಾ, ಪಿಶವಿ ಎಲ್ಲಿ?”

ಅವಳು ತಿರುಗಿ ಒಳಗೆ ಹೋಗಿಬಿಟ್ಟಳು.

ನೆಲ ಎರಡನೆಯ ಸಲ ಗುಡುಗಿತು. ಮಾಳಿಗೆಯ ಅಂಚಿನಿಂದ ಮಣ್ಣು ಸುರಿಯಿತು. ಅವ್ವಾ ಎಂದು ಕೂಗಿದೆ. ನನಗೆ ಅಷ್ಟು ಹೆದರಿಕೆ ಹಿಂದೆಂದೂ ಆಗಿರಲಿಲ್ಲ. ನಾನೇ ಅವಳನ್ನು ಕಳಿಸಿದೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಓಡಿ ಬಾಗಿಲು ಮುಟ್ಟುವಷ್ಟರಲ್ಲಿ ಅವಳೇ ಚೀಲವನ್ನು ಎಳೆದುಕೊಂಡು ಹೊರಗೆ ಬಂದಳು. ಗೋಡೆ ನಿಂತಿತ್ತು. ನಾನು ಅಂಗಳದಲ್ಲೇ ಕೂತು ಗಳಗಳ ಅತ್ತೆ.

“ಅಳಬ್ಯಾಡೋ ಮಗಾ, ತಂದೀನಲ್ಲ ನಿನ್ನ ಪಿಶವಿ” ಎಂದು ಅವ್ವ ತಲೆ ಸವರಿದಳು. ನಾನು ಚೀಲಕ್ಕಾಗಿ ಅಳುತ್ತಿದ್ದೇನೆಂದು ತಿಳಿದಿದ್ದಳು ಪುಣ್ಯಾತಗಿತ್ತಿ.

ಆಮೇಲೆ ಬಿಚ್ಚಿ ನೋಡಿದರೆ ಚೀಲದಲ್ಲಿ ನನ್ನದೆಂಬ ಒಂದು ಸಾಮಾನೂ ಇಲ್ಲ. ಹಗ್ಗ ಎಮ್ಮೆಗೆ ಹೋಗಿತ್ತು, ಟಾರ್ಚು ಹೊಲಕ್ಕೆ. ಅವುಗಳ ಜಾಗದಲ್ಲಿ ಉಪ್ಪು, ಒಂದು ಗಂಟು ಜೋಳದ ಹಿಟ್ಟು, ಮತ್ತು ಅವ್ವನ ಹಳೆಯ ಕಬ್ಬಿಣದ ಹಂಚು. ರೊಟ್ಟಿ ಹರಿಯುತ್ತಿದ್ದುದರ ಗುಟ್ಟು ಇದು. ಪಳಗಿದ ಹಂಚನ್ನು ಭೂಕಂಪಕ್ಕೆ ಎತ್ತಿಟ್ಟು, ಪೇಟೆಯಿಂದ ತಂದ ಹೊಸ ಹಂಚಿನಲ್ಲಿ ನಮಗೆ ಸುಡುತ್ತಿದ್ದಳು.

“ಆ ದೊಡ್ಡ ಭೂಕಂಪದಾಗ ತಿಂಗಳಾನುಗಟ್ಟಲೆ ತಗಡಿನ ಪತ್ರಾ ಶೆಡ್ಡಿನ್ಯಾಗ ಇದ್ವಿ” ಎಂದಳು. “ಲಾರಿ ತುಂಬಾ ಬಂತು. ಬ್ರೆಡ್ಡು ಬಂತು, ಅರಿವಿ ಬಂತು, ಟಾರ್ಚು ಬಂತು. ಹಂಚು ಯಾರೂ ತರ್ಲಿಲ್ಲ. ಇಡೀ ಶೆಡ್ಡಿಗಿ ಒಂದೇ ಹಂಚಿತ್ತು. ಅದು ಇದ್ದಾಕಿ ಮುಂದ ಪಾಟೀಲನ ಹೇಣ್ತಿನೂ ಪಾಳಿ ಹಚ್ಚಿ ಕೂತಿದ್ಳು.”

ಭೂಗೋಳದ ಮಾಸ್ತರ ಹಂಚನ್ನು ತಿರುಗಿ ಚೀಲಕ್ಕಿಟ್ಟ. ಆದರೆ ಸೋಲಿನಲ್ಲಿಯೂ ನನಗೊಂದು ಉಪಾಯ ಹೊಳೆಯಿತು. ಪಿಶವಿ ಇನ್ನು ಮನೆಯೊಳಗೆ ಕಾಲಿಡಕೂಡದು, ಅಂಗಳದ ಬೇವಿನ ಮರದಲ್ಲೇ ಇರಬೇಕು ಎಂದೆ. ಅವ್ವ ಎಂಟು ದಿನ ಒಳಗೆ ಹೊಸ ಹಂಚಿನೊಡನೆ ಜಗಳವಾಡಿದಳು. ಒಂಬತ್ತನೆಯ ದಿನ ಬೇವಿನ ಕೆಳಗೆ ಮೂರು ಕಲ್ಲು ಹೂಡಿ, ಪಿಶವಿಯಿಂದ ಹಳೆಯ ಹಂಚು ತೆಗೆದಳು. ಬೀರಣ್ಣ ಮೇಲೊಂದು ತಗಡು ಹೊದಿಸಿಕೊಟ್ಟ, ದಿನಾ ಎರಡು ರೊಟ್ಟಿಯ ಕರಾರಿನ ಮೇಲೆ.

ಈಗ ಸೀಟಿ ಊದುವವರಿಲ್ಲ. ಹಂಚಿನ ಮೇಲೆ ಅವ್ವ ಎರಡು ಸಲ ಕಟ್ಟಿಗೆಯಿಂದ ಬಡಿದರೆ ಸಾಕು, ಮನೆ ಖಾಲಿ. ಎಲ್ಲರಿಗಿಂತ ಮೊದಲು ಓಡಿ ಬರುವವನು ನಾನೇ, ಅದೂ ಬರಿಗೈಯಲ್ಲಿ.

ಮೊನ್ನೆ ಊಟಕ್ಕೆ ಕೂತಾಗ ನೆಲ ಮತ್ತೆ ಗುಡುಗಿತು. ಹಳೆಯ ಅಡುಗೆಮನೆಯೊಳಗೆ ಏನೋ ಧಡಾರನೆ ಬಿತ್ತು. ನಾವೆಲ್ಲ ಬೇವಿನ ಕೆಳಗಿದ್ದೆವು. ಅವ್ವ ಆ ಕಡೆ ಒಮ್ಮೆ ನೋಡಿ, ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ನನ್ನ ತಟ್ಟೆಯ ಕಡೆ ತಿರುಗಿದಳು.

“ಇನ್ನೊಂದು ಹಾಕ್ಲೇನೋ?”