ಹೊಳೆ ಒಯ್ದ ಮಣ್ಣಿನ ಕಾರ್ಡು

ಬೇಸಿಗೆಯಲ್ಲಿ ಕೃಷಿ ಇಲಾಖೆಯ ಪರವಾಗಿ ನಾನೇ ಅಗೆದು ಒಯ್ದ ಮಣ್ಣಿನ ಪರೀಕ್ಷೆಯ ಕಾರ್ಡು ಮಳೆಗಾಲ ಮುಗಿದ ಮೇಲೆ ಕೈಗೆ ಬಂತು. ಕೊಪ್ಪದಿಂದ ಕೆಸರು ತುಳಿದು ತುಂಗೆಯ ದಡದ ಗದ್ದೆ ಮುಟ್ಟುವಾಗ ಕಾಲು ಸೋತಿತ್ತು. ಗದ್ದೆಯ ಒಡತಿ ಸರೋಜಮ್ಮ ಕಾರ್ಡು ಓದಿದರು.

“ಸುಣ್ಣ ಹಾಕಬೇಕಂತೆ. ಯಾವುದಕ್ಕೆ ಮಾರಾಯ್ರೆ? ನೀವು ಅಗೆದ ಗದ್ದೆಯ ಮಣ್ಣು ನೆರೆಗೆ ಕೊಚ್ಚಿ ತೀರ್ಥಹಳ್ಳಿ ಕಡೆ ಹೋಗಿ ಆಯ್ತು. ಈಗ ಇಲ್ಲಿರುವುದು ಶೃಂಗೇರಿ ಕಡೆಯಿಂದ ಬಂದದ್ದು.”

ಹೊಸ ಮೆಕ್ಕಲು ಮಣ್ಣನ್ನು ನನ್ನ ಅಂಗೈಗೆ ಹಾಕಿದರು. ಹಿಚುಕಿದರೆ ಉಂಡೆಯಾಯಿತು, ಬೆರಳು ತಾಗಿಸಿದರೆ ಉದುರಿತು.

“ಸೌತೆ ಬೀಜ ಊರಿದ್ರೆ ಸಾಕು, ತಾನೇ ಬರ್ತದೆ,” ಎಂದರು.

ಅದನ್ನೂ ಪರೀಕ್ಷೆಗೆಂದು ಚೀಲಕ್ಕೆ ತುಂಬಿಕೊಂಡೆ.

“ಇದರ ಕಾರ್ಡು ಯಾವಾಗ?”

“ಮುಂದಿನ ಮಳೆಗಾಲ ಕಳೆದ ಮೇಲೆ.”

“ಹಾಗಾದ್ರೆ ಆ ಕಾರ್ಡು ಸೀದಾ ತೀರ್ಥಹಳ್ಳಿಯವರಿಗೇ ಕೊಟ್ಟುಬಿಡಿ.”

ನನಗೂ ಅದೇ ಅನುಕೂಲ. ತೀರ್ಥಹಳ್ಳಿಗಾದರೆ ಬಸ್ಸಾದರೂ ಇದೆ.