ಬಣ್ಣ ತುಂಬದ ಗೋಮಾಳ

ನಾನು ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ತೊಂಬತ್ತರ ದಶಕ. ನನ್ನ ಕಿರಿಮಗಳು ಚಿನಕುರಳಿಯಲ್ಲಿ ಬಸ್ಸು ಹತ್ತಿ ಮೈಸೂರಿಗೆ ಹೋಗಿ ಎಂ.ಎ. ಓದುತ್ತಿದ್ದಳು. ಅನ್ವಯಿಕ ಭೂಗೋಳವಂತೆ. ಹಾಗಂದರೇನು ಅಂತ ಕೇಳಿದೆ. "ನೆಲನ ಯಾರು ಯಾತಕ್ಕೆ ಬಳಸ್ತಾವ್ರೆ ಅಂತ ತಿಳ್ಕೊಳದು ಕಣವ್ವ" ಅಂದಳು.

ಕೊನೆಯ ವರ್ಷ ಒಂದು ಊರಿನ ನಕ್ಷೆ ಬರೆಯಬೇಕಿತ್ತು. ಯಾವ ಹೊಲದಲ್ಲಿ ಏನಿದೆ ಅಂತ ಮನೆಮನೆಗೂ ಹೋಗಿ ಕೇಳಿ, ಬಣ್ಣ ತುಂಬಿ ಕೊಟ್ಟರೇ ಪಾಸು. ಅವಳು ನಮ್ಮೂರನ್ನೇ ಆರಿಸಿಕೊಂಡಳು. ಕೆಟ್ಟಿದ್ದು ಅಲ್ಲೇ.

ಮೊದಲನೇ ಮನೆಯ ಜಗಲಿಯಲ್ಲೇ "ಸರ್ವೆ ಮಾಡಕ್ಕೆ ಬಂದಿವ್ನಿ" ಅಂದುಬಿಟ್ಟಳು. ನಮ್ಮ ಕಡೆ ಸರ್ವೆ ಅಂದರೆ ಸರಪಳಿ ಹಿಡಿದವನು ಬಂದು ಒತ್ತುವರಿ ಬಿಡಿಸುವುದು, ಬೇರೆ ಅರ್ಥವಿಲ್ಲ. ದನ ಮೇಯಲೆಂದು ಸರ್ಕಾರ ಬಿಟ್ಟ ಗೋಮಾಳವನ್ನು ಊರವರೆಲ್ಲ ಒಂದಿಷ್ಟು ಉತ್ತು ರಾಗಿ ಹಾಕಿದ್ದರು. ನಾವೂ ಹಾಕಿದ್ದೆವು. ಸಂಜೆಯ ಹೊತ್ತಿಗೆ ನನ್ನ ಗಂಡನ ಅಣ್ಣ ಬಂದು ಬಾಗಿಲಲ್ಲಿ ನಿಂತರು.

"ಏನವ್ವಾ ಸರ್ವೆಯಮ್ಮ, ದೊಡ್ಡಪ್ಪನ ಹೊಲಕ್ಕೇ ಕಲ್ಲು ನೆಡ್ತೀಯಾ?"

"ಓದಿಗೆ ಕಣ್ ದೊಡ್ಡಪ್ಪ, ಸರ್ಕಾರಕ್ಕಲ್ಲ."

"ಅಂಗಾರೆ ಬರ್ಕೊ. ಅಲ್ಲಿ ದನ ಮೇಯ್ತವೆ."

"ರಾಗಿ ತೆನೆ ಬಂದೈತಲ್ಲ?"

"ದನ ಮೇಯ್ತವೆ ಅಂದ್ನಲ್ಲಮ್ಮಿ!"

ಆಮೇಲೆ ಯಾವ ಮನೆಗೆ ಹೋದರೂ ಅದೇ ಮಾತು. ಕೆಲವರು ಬಾಗಿಲೇ ತೆಗೆಯಲಿಲ್ಲ.

"ಅವ್ರೇಳ್ದಂಗೇ ಹುಲ್ಲು ಅಂತ ಬಣ್ಣ ಬಳ್ದು ಕೊಟ್ಬುಡು" ಅಂದೆ.

"ನಿಂತಿರೋ ರಾಗಿನ ಹುಲ್ಲು ಅಂತ ಬರುದ್ರೆ ನಾನು ಓದಿದ್ದೆಲ್ಲ ಸುಳ್ಳು ಕಣವ್ವ. ರಾಗಿ ಅಂತ ಬರುದ್ರೆ ಊರೋರು ನಮ್ಮನ್ನ ಬಾಳ್ಸಾರಾ?"

ಎರಡೂ ಬರೆಯಲಿಲ್ಲ. ಆ ಜಾಗ ಬೆಳ್ಳಗೇ ಬಿಟ್ಟಳು. ಮೇಷ್ಟ್ರು ಪೂರಾ ಮಾಡಿಕೊಂಡು ಬಾ ಅಂತ ನಕ್ಷೆ ವಾಪಸು ಕೊಟ್ಟರು. ಅವಳು ಮತ್ತೆ ಮೈಸೂರಿನ ಬಸ್ಸು ಹತ್ತಲಿಲ್ಲ. ಬೈದೆ, ಬೇಡಿಕೊಂಡೆ. ಗೋಡೆಗೆ ಹೇಳಿದಂತಾಯಿತು. ನಾಗಮಂಗಲದ ಕಡೆಗೆ ಕೊಟ್ಟು ಮದುವೆ ಮಾಡಿದೆವು.

ಅವಳು ಬಾಣಂತನಕ್ಕೆ ಬಂದಿದ್ದಾಗ ಕಲ್ಲುಕೋರೆಯವರು ಗೋಮಾಳಕ್ಕೆ ಕೈ ಹಾಕಿದರು. ಅವರು ಯಾರನ್ನೂ ಏನೂ ಕೇಳಲಿಲ್ಲ. ಬೆಳೆದು ನಿಂತ ರಾಗಿಯ ಮೇಲೇ ಲಾರಿ ಓಡಿಸಿದರು. ಭಾವ ಮತ್ತೆ ಬಂದು ಅದೇ ಬಾಗಿಲಲ್ಲಿ ನಿಂತರು.

"ಅವ್ವಾ, ನಿನ್ ನಕ್ಸೆ ಐತೇನವ್ವ? ನಾವು ಉಳ್ತಿದ್ದೋ ಅಂತ ತಾಲ್ಲೂಕಾಪೀಸ್ನಲ್ಲಿ ತೋರ್ಸಕ್ಕೆ ಏನಾರ ಬೇಕಂತೆ."

"ಐತೆ ದೊಡ್ಡಪ್ಪ. ಆ ಜಾಗ ಬೆಳ್ಳಗೈತೆ."

ಅವರು ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೋದರು. ಮಗಳು ಮಗುವಿನ ಕಡೆ ಹೊರಳಿ ಮಲಗಿದಳು. ನಗುತ್ತಾಳೇನೋ ಅಂತ ನೋಡಿದೆ. ನಕ್ಕಿದ್ದರೆ ನನಗೆ ಎಷ್ಟೋ ಸಮಾಧಾನ ಆಗುತ್ತಿತ್ತು. ನಗಲಿಲ್ಲ.